ಗೋಣಿ ಕಳೆದು ಹನ್ನೊಂದು ಕಿಲೋ

ರಾತ್ರಿ ಒಂಬತ್ತೂವರೆ. ಅರ್ಧ ಶೆಟರ್ ಎಳೆದಾಗಿತ್ತು.
ಅದರಡಿ ಬಗ್ಗಿ ಬಂದಳು ಮಾಬೂಬಿ,
ಹುಬ್ಬಿನ ಮೇಲೆ ಹೊಟ್ಟಿನ ಬೂದಿ,
ಸೆರಗಿಗೆ ಕಾದ ಮರಳಿನ ವಾಸನೆ.
"ಕೆಂಪು ಗುಳಿಗಿ ನಾಕು ಕೊಡಪ್ಪ,
ರಟ್ಟಿ ಎತ್ತಾಕ ಬರವಲ್ದು.
ಅದ್ರಾಗ ಒಂದು ಅರ್ಧ ಮಾಡಿಕೊಡು,
ಮೊಮ್ಮಗಂದು ಮೈ ಕೆಂಡ ಆಗೈತಿ."

ಐವತ್ತೆಂಟರ ರಟ್ಟೆಗೂ
ಒಂದೂವರೆ ವರ್ಷದ ನೆತ್ತಿಗೂ ಒಂದೇ ಗುಳಿಗೆ.
ರೊಟ್ಟಿ ಮುರಿದಷ್ಟು ಸಲೀಸು.

ನಾನೂ ಮುರಿದುಕೊಟ್ಟವನೇ.
ಸ್ಟ್ರಿಪ್ಪಿಗೆ ಕತ್ತರಿ ಹಾಕಿ,
ಹೆಸರು, ತಾರೀಖು ಇರುವ ತುದಿ ನನ್ನಲ್ಲೇ ಉಳಿಸಿ,
ಹೆಸರಿಲ್ಲದವನ್ನು ಪೇಪರಿನ ಚೂರಲ್ಲಿ ಸುತ್ತಿ
ಈ ದಾವಣಗೆರೆಯ ಎಷ್ಟು ಓಣಿಗೆ ಕಳಿಸಿದೆನೋ.
ಆಗಿನ್ನೂ ಅಪ್ಪನ ಕಾಲು ಊದಿರಲಿಲ್ಲ.

ಅಪ್ಪ ಎಪಿಎಂಸಿಯಲ್ಲಿ ಹಮಾಲಿ.
ಬೆನ್ನು ಹಿಡಿದಾಗೆಲ್ಲ ಒಂದು ಕೆಂಪು ಗುಳಿಗೆ,
ಖಾಲಿ ಹೊಟ್ಟೆಗೆ, ಚಹಾದ ಜೊತೆ, ಹನ್ನೆರಡು ವರ್ಷ.
ತಂದುಕೊಟ್ಟವನು ನಾನೇ, ರಿಯಾಯಿತಿ ದರದಲ್ಲಿ.
ನೋವು ಹೋಗುತ್ತಿತ್ತು, ಸುಳ್ಳಲ್ಲ.
ಎಲ್ಲಿಗೆ ಹೋಗುತ್ತಿದೆಯೆಂದು ಯಾರೂ ಕೇಳಲಿಲ್ಲ.
ಈಗ ಡಯಾಲಿಸಿಸ್. ಮಂಗಳವಾರ, ಶುಕ್ರವಾರ.

"ಯವ್ವಾ, ಕೂಸು ಎಷ್ಟೈತಿ?"
"ಒಂದೂವರಿ ವರ್ಷ."
"ವಯಸ್ಸಲ್ಲ, ತೂಕ."
ನಕ್ಕುಬಿಟ್ಟಳು.
ಮಂಡಕ್ಕಿಯವರನ್ನು ತೂಕ ಕೇಳುವುದುಂಟೆ?
ಸೇರಲ್ಲಿ ಅಳೆದು ಸುರಿವ ಮಾಲು;
ತೂಗಿದರೆ ಸಿಕ್ಕೀತು ಒಂದಿಷ್ಟು ಗಾಳಿ.

ಶೆಟರ್ ಪೂರ್ತಿ ಇಳಿಸಿ ಅವಳ ಹಿಂದೆ ನಡೆದೆ,
ಜೇಬಿನಲ್ಲಿ ಮಕ್ಕಳ ಸಿರಪ್ಪು, ಅಳತೆಯ ಪಿಚಕಾರಿ.
ಒಂದೇ ಹೆಸರಿನ ಮೂರು ಬಾಟಲಿ ನಮ್ಮ ಕಪಾಟಿನಲ್ಲಿ,
ಅಣ್ಣತಮ್ಮಂದಿರ ಹಾಗೆ ಒಂದೇ ಮುಖ,
ಬಲ ಮಾತ್ರ ಬೇರೆ. ಸಣ್ಣಕ್ಷರ ಓದಿದವರಿಗೆ ಗೊತ್ತು.

ಭಟ್ಟಿಯ ಓಣಿಯಲ್ಲಿ ಹೊಗೆ ತಲೆಮಟ್ಟಕ್ಕೆ ನಿಂತಿತ್ತು.
ಭತ್ತದ ಚೀಲ ತೂಗುವ ಕಾಟಾದ ಮೇಲೆ
ಗೋಣಿ ಹಾಸಿ ಕೂರಿಸಿದೆವು ಜುನೈದನನ್ನು.
ಅವನ ಅಳುವಿಗೆ ಕೆಂಪು ಅಂಕಿಗಳು ಕುಣಿದವು.
ಉಸಿರೆಳೆದುಕೊಳ್ಳಲು ಬಿಟ್ಟ ಒಂದು ಗಳಿಗೆಯಲ್ಲಿ ನಿಂತವು.
ಗೋಣಿಯದು ಕಳೆದು ಹನ್ನೊಂದು ಕಿಲೋ.
ಅವಳು ಕೇಳಿದ ಆ ಅರ್ಧ ಗುಳಿಗೆ
ಇವನಿಗೆ ಎರಡೂವರೆ ಪಾಲು.

"ಮನೀ ಚಮಚ ಬ್ಯಾಡ.
ಅದಕ್ಕ ಉಣಿಸೋದು ಗೊತ್ತು, ಅಳಿಯೋದು ಗೊತ್ತಿಲ್ಲ,"
ಎನ್ನುತ್ತ ಗೀಟಿಗೆ ಗೀಟು ಹಿಡಿದು
ಐದು ಎಂ.ಎಲ್. ಎಳೆದೆ. ಕೈ ಚೆನ್ನಾಗಿತ್ತು,
ಹೆಮ್ಮೆಯೂ ಇತ್ತೇನೋ.

ಚೀಲಗಳ ಹಿಂದಿನಿಂದ ಸೊಸೆ ಶಮೀಮಳ ಧ್ವನಿ:
"ಏಳಕ್ಕ ಒಂದು ಸಲ ಕುಡಿಸೀನಿ, ಅಣ್ಣಾ. ಶೀತದ್ದು."

ಮೊಬೈಲ್ ಬೆಳಕಲ್ಲಿ ಆ ಬಾಟಲಿ ತಿರುವಿದೆ.
ಮೂಗಿಗೊಂದು, ಕೆಮ್ಮಿಗೊಂದು,
ಮೂರನೆಯ ಸಾಲಿನಲ್ಲಿ ಮುದುಡಿ ಕೂತಿತ್ತು
ನನ್ನ ಪಿಚಕಾರಿಯೊಳಗಿದ್ದ ಅದೇ ಔಷಧ.
ತಳದಲ್ಲಿ ಬೆಲೆಚೀಟಿ. ನಮ್ಮ ಅಂಗಡಿಯದು.
ಅಂಕಿ ನನ್ನ ಕೈಬರಹ.

ಏನೂ ಹೇಳದೆ ಪಿಚಕಾರಿ ಕೆಳಗಿಟ್ಟೆ.
ಇದ್ದಿಲು ತೆಗೆದುಕೊಂಡು ಗೋಡೆಗೆ ಬರೆದೆ: ೭.
ಕೆಳಗೆ: ೧.
"ರಾತ್ರಿ ಒಂದರ ತನಕ ಇಲ್ಲ, ಅತ್ತರೂ ಇಲ್ಲ.
ಆಮ್ಯಾಲೂ ಜ್ವರ ಇದ್ರಷ್ಟೇ, ಇದೊಂದೇ, ಇಷ್ಟೇ.
ಶೀತದ ಬಾಟಲಿ ನಾನು ಒಯ್ತೀನಿ.
ಬೆಳಿಗ್ಗೆ ಮಕ್ಕಳ ಡಾಕ್ಟರ್ ಹತ್ರ ಹೋಗ್ರಿ.
ಕುಡೀದೆ, ಕಣ್ಣು ಬಿಡದೆ ಮಲಗಿದ್ರ
ಬೆಳಗಾಗೋದು ಕಾಯಬ್ಯಾಡ್ರಿ."
ಶಮೀಮ ಗೋಡೆ ನೋಡಿದಳು, ಓದಲಿಕ್ಕಲ್ಲ,
ಎಷ್ಟು ಎತ್ತರಕ್ಕಿದೆ ಎಂದು.
ಮಗು ಆಗಲೇ ಅವಳ ಹೆಗಲಿಗೆ ಜೊಲ್ಲು ಸುರಿಸುತ್ತಿತ್ತು.

ಹೊರಟವನನ್ನು ಮಾಬೂಬಿ ತಡೆದಳು.
"ಮತ್ತ ನನ್ನ ರಟ್ಟಿ?"

ಬಿಳಿ ಗುಳಿಗೆ ಎರಡು ಕೊಟ್ಟೆ,
ಹೆಸರಿನ ತುದಿಯ ಸಮೇತ.
ಉಂಡು ತಗೋ ಎಂದೆ, ತೋರಿಸಿಕೋ ಎಂದೆ,
ದಿನಾ ನುಂಗಬ್ಯಾಡ ಎಂದೆ.
ಹೂಂ ಎಂದಳು.
ನಾಲ್ಕಕ್ಕೆ ಮುಂದಿನ ಭಟ್ಟಿ.
ಜರಡಿ ಎತ್ತಲು ಆಗಲೇ ಬಗ್ಗಿದ್ದಳು,
ಎಡಗೈಯಲ್ಲಿ.